ಓದುಗರ ಪ್ರಶ್ನೆ: ಮರುಭೂಮಿಯಲ್ಲಿ ಸೇವೆಯ ರ‍್ಯಾಂಚ್

ಪ್ರಶ್ನೆ: ಅಮೆರಿಕದ ಅರಿಜೋನಾದಲ್ಲಿ ನೆಲೆಸಿರುವ ನಾವು ಕೆಲವು ಕುಟುಂಬಗಳು ಒಂದೇ ಕ್ರೈಸ್ತ ಸಭೆಗೆ ಸೇರಿದವರು. ಮರುಭೂಮಿಯಲ್ಲಿ ರ‍್ಯಾಂಚ್ (ದನ, ಕುದುರೆ ಸಾಕುವ ದೊಡ್ಡ ಜಮೀನು) ಒಂದನ್ನು ಕೊಂಡು, ಅದನ್ನು ಧ್ಯಾನಕೂಟಗಳಿಗೂ ವ್ಯಸನದಿಂದ ಹೊರಬರುತ್ತಿರುವ ಯುವಕರ ಆರೈಕೆಗೂ ಮೀಸಲಿಡಬೇಕೆಂದು ಬಹುದಿನಗಳಿಂದ ಪ್ರಾರ್ಥಿಸುತ್ತಿದ್ದೇವೆ. ಈಗ 40 ಎಕರೆ ಸ್ವಂತ ಜಮೀನು ಮತ್ತು 3,000 ಎಕರೆ ಗುತ್ತಿಗೆಯ ಮೇವಿನ ಜಮೀನು ಇರುವ ರ‍್ಯಾಂಚ್ ಮಾರಾಟಕ್ಕೆ ಬಂದಿದೆ. ಬೆಲೆಯೂ ಕೈಗೆಟಕುವಂತಿದೆ. ಕೊಳ್ಳಬಹುದೇ?
– ಓದುಗರೊಬ್ಬರು, ಅರಿಜೋನಾ

ಉತ್ತರ: ಬೆಲೆ ಏಕೆ ಕೈಗೆಟಕುವಂತಿದೆ ಎಂಬುದನ್ನು ಮೊದಲು ವಿಚಾರಿಸಿ. ಮರುಭೂಮಿಯಲ್ಲಿ ಜಮೀನು ಅಗ್ಗವಾಗಿ ಸಿಗುತ್ತಿದ್ದರೆ ಅಲ್ಲಿ ನೀರಿಲ್ಲ, ದಾರಿಯಿಲ್ಲ ಅಥವಾ ಎರಡೂ ಇಲ್ಲ ಎಂದು ತಿಳಿದುಕೊಂಡೇ ಮಾತುಕತೆ ಆರಂಭಿಸುವುದು ಕ್ಷೇಮ.

ನೀವು ಬರೆದಿರುವ 3,000 ಎಕರೆ ನಿಮ್ಮದಾಗುವುದಿಲ್ಲ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ರ‍್ಯಾಂಚ್‌ಗಳ ಜಾಹೀರಾತಿನಲ್ಲಿ ಕಾಣುವ ದೊಡ್ಡ ಅಂಕಿ ಹೆಚ್ಚಾಗಿ ಒಕ್ಕೂಟ ಸರ್ಕಾರದ ಅಥವಾ ರಾಜ್ಯದ ಜಮೀನಿನದು; ಅಲ್ಲಿ ದನ ಮೇಯಿಸುವ ಹಕ್ಕು ಮಾತ್ರ ರ‍್ಯಾಂಚ್‌ನೊಂದಿಗೆ ಅಂಟಿಕೊಂಡು ಬರುತ್ತದೆ. ಒಕ್ಕೂಟ ಸರ್ಕಾರದ ಜಮೀನಾದರೆ ಶುಲ್ಕವೇನೋ ಅತ್ಯಲ್ಪ: ಒಂದು ಹಸು ಮತ್ತು ಕರುವಿಗೆ ತಿಂಗಳೊಂದಕ್ಕೆ 2019ರಿಂದ 2025ರವರೆಗೂ 1.35 ಡಾಲರ್ ಮಾತ್ರ ಇತ್ತು. ಆದರೆ ಆ ಜಮೀನಿನಲ್ಲಿ ನೀವು ಪ್ರಾರ್ಥನಾಮಂದಿರವನ್ನಾಗಲಿ, ಯುವಕರಿಗೆ ವಸತಿಯನ್ನಾಗಲಿ ಕಟ್ಟುವಂತಿಲ್ಲ. ದನ ಮೇಯಿಸುವ ಉದ್ದೇಶವೇ ನಿಮಗಿಲ್ಲದಿದ್ದರೆ ಪರವಾನಗಿಯನ್ನು ಉಳಿಸಿಕೊಳ್ಳುವುದೂ ಕಷ್ಟ. ಆದ್ದರಿಂದ ಬೆಲೆಯನ್ನು 40 ಎಕರೆಗೆ ಭಾಗಿಸಿ ನೋಡಿ, ಆಗಲೂ ಅದು ಕೈಗೆಟಕುವಂತಿದೆಯೇ ಎಂದು ಲೆಕ್ಕ ಹಾಕಿ. ಹೆದ್ದಾರಿಯಿಂದ ಆ 40 ಎಕರೆಗೆ ಹೋಗುವ ಮಣ್ಣಿನ ದಾರಿ ಯಾರ ಜಮೀನಿನ ಮೂಲಕ ಹಾದುಹೋಗುತ್ತದೆ, ಅದರಲ್ಲಿ ಓಡಾಡುವ ಹಕ್ಕು ನೋಂದಣಿಯಾಗಿದೆಯೇ ಎಂಬುದನ್ನು ವಕೀಲರಿಂದ ಬರವಣಿಗೆಯಲ್ಲಿ ಪಡೆಯಿರಿ. ನೆರೆಯವರು ಇದುವರೆಗೆ ತಡೆದಿಲ್ಲ ಎಂಬ ಮಾತು ಹಕ್ಕಾಗುವುದಿಲ್ಲ.

ಇನ್ನು ನೀರು. ಉಳಿದ ಎಲ್ಲ ಯೋಜನೆಯನ್ನೂ ಬದಿಗಿಟ್ಟು ನಾನು ಕೇಳುವ ಪ್ರಶ್ನೆ ಇದೊಂದೇ. ಅರಿಜೋನಾದಲ್ಲಿ ನಿಮಿಷಕ್ಕೆ 35 ಗ್ಯಾಲನ್, ಅಂದರೆ ಸುಮಾರು 132 ಲೀಟರ್ ಮೀರದ ಪಂಪಿನ ಕೊಳವೆಬಾವಿಗೆ ನಿಯಮಗಳು ಸಡಿಲವಾಗಿವೆ. 1980ರ ಅಂತರ್ಜಲ ಕಾನೂನಿನ ಬಿಗಿ ಹಿಡಿತವಿರುವ ಪ್ರದೇಶಗಳಲ್ಲಿ ಅದಕ್ಕಿಂತ ದೊಡ್ಡ ಬಾವಿ ತೋಡುವುದು ಬೇರೆಯೇ ಕಥೆ. ಆದರೆ ಕಾನೂನು ಅನುಮತಿ ಕೊಡಬಹುದೇ ಹೊರತು ನೀರು ಕೊಡುವುದಿಲ್ಲ. ಈಗಿರುವ ಬಾವಿ ಎಷ್ಟು ಆಳದ್ದು, ಹತ್ತು ವರ್ಷಗಳ ಹಿಂದೆ ನೀರಿನ ಮಟ್ಟ ಎಲ್ಲಿತ್ತು, ಇಂದು ಎಲ್ಲಿದೆ ಎಂದು ಕೇಳಿ. ಪಂಪನ್ನು ಒಂದಿಡೀ ದಿನ ಓಡಿಸಿ ಇಳುವರಿಯನ್ನು ಅಳೆಯಿಸಿ. ನೀರಿನಲ್ಲಿ ಆರ್ಸೆನಿಕ್, ಫ್ಲೋರೈಡ್ ಎಷ್ಟಿವೆ ಎಂದು ಪರೀಕ್ಷೆ ಮಾಡಿಸಿ. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ಬಾವಿಯಿಲ್ಲದಿದ್ದರೂ ಟ್ಯಾಂಕರ್‌ನಲ್ಲಿ ನೀರು ತರಿಸಬಹುದು ಎಂದು ದಲ್ಲಾಳಿಗಳು ಹೇಳುತ್ತಾರೆ. ಅರಿಜೋನಾದ ರಿಯೋ ವರ್ಡೆ ಫುಟ್‌ಹಿಲ್ಸ್ ಎಂಬ ವಸತಿ ಪ್ರದೇಶದ ನೂರಾರು ಮನೆಗಳು ಹೀಗೆಯೇ ಸ್ಕಾಟ್ಸ್‌ಡೇಲ್ ನಗರದಿಂದ ತುಂಬಿಸಿಕೊಂಡು ಬಂದ ಟ್ಯಾಂಕರ್ ನೀರನ್ನು ನಂಬಿದ್ದವು. 2023ರ ಜನವರಿಯಲ್ಲಿ ನಗರವು ತನ್ನ ಗಡಿಯಾಚೆಗೆ ನೀರು ಕೊಡುವುದನ್ನು ನಿಲ್ಲಿಸಿತು. ಸ್ವಂತ ಮನೆಯವರು ಪಾತ್ರೆ ತೊಳೆಯುವುದನ್ನು ಕಡಿಮೆ ಮಾಡಿ ಹೇಗೋ ದಿನ ನೂಕಿಯಾರು. ನಿಮ್ಮ ಆಶ್ರಯಕ್ಕೆ ಬಂದ ಯುವಕರನ್ನು ಆಗ ಎಲ್ಲಿಗೆ ಕಳುಹಿಸುತ್ತೀರಿ?

ಮರುಭೂಮಿಗೆ ಹೋದವರೆಲ್ಲ ವಿಶ್ವಾಸವೊಂದನ್ನೇ ನೆಚ್ಚಿಕೊಂಡು ಹೋದರು ಎಂಬ ಕಲ್ಪನೆ ನಮ್ಮ ಸಭೆಗಳಲ್ಲಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ನಾಲ್ಕನೆಯ ಶತಮಾನದ ಈಜಿಪ್ಟಿನಲ್ಲಿ ಸಂತ ಅಂತೋನಿಯವರು ಏಕಾಂತವನ್ನು ಅರಸಿ ಒಳನಾಡಿನ ಬೆಟ್ಟಕ್ಕೆ ಹೋದಾಗ ಅವರು ನಿಂತದ್ದು ಬುಡದಲ್ಲಿ ಸಿಹಿನೀರಿನ ಒರತೆಯೂ ಒಂದಿಷ್ಟು ಖರ್ಜೂರದ ಮರಗಳೂ ಇದ್ದ ಜಾಗದಲ್ಲಿ. ಪಕೋಮಿಯಸ್ ತಮ್ಮ ಮಠಗಳನ್ನು ಕಟ್ಟಿದ್ದು ನೈಲ್ ನದಿಯ ಬಳಿಯಲ್ಲಿ. ಅಲ್ಲಿಯವರು ಚಾಪೆ ಹೆಣೆದು, ಬುಟ್ಟಿ ನೇಯ್ದು ಹೊಟ್ಟೆ ಹೊರೆದುಕೊಂಡರು. ಬೈಬಲಿನ ಇಸಾಕನ ಕಥೆಯೂ ನಿಮಗೆ ಗೊತ್ತಿದೆ: ಗೆರಾರಿನ ಕುರುಬರೊಡನೆ ಜಗಳವಾದ ಎರಡು ಬಾವಿಗಳನ್ನು ಬಿಟ್ಟುಕೊಟ್ಟು, ಯಾರೂ ತಕರಾರು ತೆಗೆಯದ ಮೂರನೆಯದು ಸಿಕ್ಕಿದ ಮೇಲೆಯೇ ಅವನು ಸಮಾಧಾನಗೊಂಡನು.

ಅಮೆರಿಕದಲ್ಲಿಯೇ ಬಾಳಿ ನಿಂತ ಉದಾಹರಣೆಗಳಿವೆ. ಚೀನಾದ ಚೆಂಗ್ಡುವಿನಿಂದ ಹೊರಹಾಕಲ್ಪಟ್ಟ ಬೆನೆಡಿಕ್ಟೀನ್ ಸನ್ಯಾಸಿಗಳು 1955ರಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಅಂಚಿನಲ್ಲಿರುವ ವಲ್ಯೆರ್ಮೊದಲ್ಲಿ ಒಂದು ರ‍್ಯಾಂಚನ್ನು ಕೊಂಡರು. ಅವರ ಮಠದ ಅತಿಥಿಗೃಹ ಮತ್ತು ಪಿಂಗಾಣಿ ಕೆಲಸ ಇಂದಿಗೂ ಅನೇಕರಿಗೆ ಪರಿಚಿತ. ಅದೇ ವರ್ಷ ನ್ಯೂ ಮೆಕ್ಸಿಕೋದ ಸುಮಾರು 21,000 ಎಕರೆಯ ಗೋಸ್ಟ್ ರ‍್ಯಾಂಚನ್ನು ಆರ್ಥರ್ ಪ್ಯಾಕ್ ದಂಪತಿ ಪ್ರೆಸ್ಬಿಟೇರಿಯನ್ ಸಭೆಗೆ ದಾನವಾಗಿ ಕೊಟ್ಟರು. ನಿಮ್ಮ ರಾಜ್ಯದ ಫ್ಲಾರೆನ್ಸ್ ಊರಿನ ಬಳಿ ಗ್ರೀಕ್ ಆರ್ಥಡಾಕ್ಸ್ ಸನ್ಯಾಸಿಗಳು 1995ರಲ್ಲಿ ಆರಂಭಿಸಿದ ಸಂತ ಅಂತೋನಿಯವರ ಮಠವನ್ನು ಒಮ್ಮೆ ಹೋಗಿ ನೋಡಿ. ಅಲ್ಲಿನ ತೋಟಗಳನ್ನು ಮೆಚ್ಚಿಕೊಂಡು ಬರುವುದಷ್ಟೇ ಅಲ್ಲ, ಹನಿ ನೀರಾವರಿಯ ಕೊಳವೆಗಳನ್ನೂ ನೋಡಿ ಬನ್ನಿ. ಈ ಮೂರೂ ಕಡೆ ಜಮೀನಿಗಿಂತ ಮೊದಲೇ ಒಂದು ಸಮುದಾಯವೋ ಸಂಸ್ಥೆಯೋ ಇತ್ತು. ನಿಮ್ಮಲ್ಲಿ ಸಮುದಾಯವಿದೆ, ಸೇವೆ ಇನ್ನೂ ಆರಂಭವಾಗಿಲ್ಲ. ಒಂದು ವರ್ಷ ಬಾಡಿಗೆ ಜಾಗದಲ್ಲಿ ಅದನ್ನು ನಡೆಸಿ ನೋಡಿ ಎಂಬುದು ನನ್ನ ಸಲಹೆ, ಅದರಲ್ಲಿ ಜುಲೈ ಮತ್ತು ಆಗಸ್ಟ್ ತಪ್ಪದೇ ಸೇರಿರಲಿ. ನೀರಿನಿಂದ ತಂಪು ಮಾಡುವ ಕೂಲರ್ ಮಳೆಗಾಲದ ತೇವದಲ್ಲಿ ಕೈಕೊಟ್ಟಾಗ, ಒಣಗಿದ ಹಳ್ಳ ಅರ್ಧ ಗಂಟೆಯಲ್ಲಿ ಉಕ್ಕಿ ದಾರಿ ಮುಚ್ಚಿದಾಗ ನಿಮ್ಮಲ್ಲಿ ಯಾರು ಉಳಿಯುತ್ತಾರೆ ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ಇಂಥ ರ‍್ಯಾಂಚನ್ನು ಮುಖ್ಯ ದಾನಿಯ ಹೆಸರಿನಲ್ಲಿ ಕೊಂಡು, ಸೇವೆಯನ್ನು ಅವರ ಮಾರ್ಗದರ್ಶನದಲ್ಲಿಯೇ ನಡೆಸಿದರೆ ಕಾಗದಪತ್ರಗಳ ತೊಡಕು ಕಡಿಮೆಯಾಗುವುದಿಲ್ಲವೇ?
– ಅದೇ ಗುಂಪಿನ ಇನ್ನೊಬ್ಬರು

ಉತ್ತರ: ಕಡಿಮೆಯಾಗುತ್ತದೆ, ಅಪಾಯ ಹೆಚ್ಚುತ್ತದೆ. ದಾನಿ ತೀರಿಕೊಂಡರೆ, ವಿಚ್ಛೇದನ ಪಡೆದರೆ ಅಥವಾ ಸಾಲಕ್ಕೆ ಸಿಕ್ಕಿದರೆ ರ‍್ಯಾಂಚ್ ಅವರ ಆಸ್ತಿಯಾಗಿಯೇ ಲೆಕ್ಕಕ್ಕೆ ಬರುತ್ತದೆ. ಕಾಣಿಕೆ ಕೊಟ್ಟವರಿಗೆ ಅದರಲ್ಲಿ ಏನೂ ಇರುವುದಿಲ್ಲ. ಲಾಭರಹಿತ ಸಂಸ್ಥೆಯೊಂದನ್ನು ನೋಂದಾಯಿಸಿ ಜಮೀನನ್ನು ಅದರ ಹೆಸರಿಗೆ ಕೊಳ್ಳಿ. ಸಭೆ ಎಂದು ಪರಿಗಣಿಸಲ್ಪಡುವ ಸಂಸ್ಥೆಗೆ ಒಕ್ಕೂಟ ಆದಾಯ ತೆರಿಗೆಯ ವಿನಾಯಿತಿ ಅರ್ಜಿಯಿಲ್ಲದೆಯೇ ದೊರೆಯುತ್ತದೆ, ಆದರೆ ಸೇವಾ ರ‍್ಯಾಂಚ್ ಸಭೆಯಲ್ಲ ಎಂದು ಅಧಿಕಾರಿಗಳು ಹೇಳಬಹುದಾದ್ದರಿಂದ 1023ನೇ ನಮೂನೆಯಲ್ಲಿ ಅರ್ಜಿ ಹಾಕುವುದೇ ಒಳ್ಳೆಯದು. ಆಸ್ತಿ ತೆರಿಗೆ ಬೇರೆ ವಿಷಯ. ಅದನ್ನು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕಚೇರಿಯಲ್ಲಿ ಕೇಳಬೇಕು.

ಕಾಗದಕ್ಕಿಂತ ದೊಡ್ಡ ಮಾತೊಂದಿದೆ. ಊರಿನಿಂದ ದೂರವಿರುವ, ಒಬ್ಬನೇ ನಾಯಕನ ಮಾತು ನಡೆಯುವ, ವಾಪಸು ಹೋಗಲು ಸ್ವಂತ ವಾಹನವಿಲ್ಲದ ಯುವಕರಿರುವ ಜಾಗದಲ್ಲಿ ಹಿಂಸೆ ನಡೆದರೂ ಹೊರಗೆ ತಿಳಿಯುವುದಿಲ್ಲ. ಮಿಸೌರಿ ರಾಜ್ಯದಲ್ಲಿ ಧಾರ್ಮಿಕ ವಸತಿ ಕೇಂದ್ರಗಳ ಬಗ್ಗೆ ದೂರುಗಳು ಬಂದ ಮೇಲೆ, 2021ರಲ್ಲಿ ಅವು ಸರ್ಕಾರಕ್ಕೆ ಮಾಹಿತಿ ಕೊಡಬೇಕು, ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ ಆಗಬೇಕು ಎಂಬ ಕಾನೂನು ಬಂದಿತು. ನಿಮ್ಮ ಅರಿಜೋನಾದಲ್ಲಿಯೂ ವ್ಯಸನಮುಕ್ತರ ವಸತಿಗೃಹಗಳಿಗೆ ಆರೋಗ್ಯ ಇಲಾಖೆಯ ಪರವಾನಗಿ ಬೇಕೆಂದು 2018ರಲ್ಲಿ ಕಾನೂನಾಗಿದೆ. ನಿಮ್ಮ ಆರೈಕೆಯ ಸ್ವರೂಪಕ್ಕೆ ಯಾವ ಪರವಾನಗಿ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ಬರೆದು ಕೇಳಿ. ಆಡಳಿತ ಮಂಡಳಿಯಲ್ಲಿ ದಾನಿಯ ಬಂಧುಗಳಲ್ಲದವರು ಬಹುಮತದಲ್ಲಿರಲಿ, ಯುವಕರ ಕೈಗೆ ಅವರ ಫೋನ್ ಸಿಗುವಂತಿರಲಿ. ಶಿಸ್ತಿನ ಹೆಸರಿನಲ್ಲಿ ಫೋನ್ ಕಿತ್ತಿಟ್ಟುಕೊಳ್ಳುವ ಸೇವೆಯನ್ನು ನಾನು ಬೆಂಬಲಿಸಲಾರೆ.

ಪ್ರಶ್ನೆ: ರ‍್ಯಾಂಚ್ ಎಂದ ಮೇಲೆ ಕುದುರೆಗಳು ಬೇಡವೇ? ಯುವಕರಿಗೆ ಅದರಿಂದ ಒಳ್ಳೆಯದಾಗುತ್ತದೆ ಎನ್ನುತ್ತಾರೆ.

ಉತ್ತರ: ಆಗುತ್ತದೆ, ನೋಡಿಕೊಳ್ಳಲು ಬಲ್ಲವರಿದ್ದರೆ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಎಂಟೊಂಬತ್ತು ಕಿಲೋ ಒಣಹುಲ್ಲು ಬೇಕು. ಮರುಭೂಮಿಯಲ್ಲಿ ಅದರ ಬಹುಪಾಲನ್ನು ಹಣ ಕೊಟ್ಟೇ ತರಬೇಕು. ನೀರು ಸಾಮಾನ್ಯ ದಿನಗಳಲ್ಲಿ 20ರಿಂದ 40 ಲೀಟರ್, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ಲಾಯ ಕಟ್ಟುವಾಗ ಮಣ್ಣು ಅಗೆಯುವವರಿಗೆ ಒಳ್ಳೆಯ ಮಾಸ್ಕ್ ಕೊಡಿ, ಏಕೆಂದರೆ ಆ ಭಾಗದ ಮಣ್ಣಿನಲ್ಲಿರುವ ಶಿಲೀಂಧ್ರವು ಧೂಳಿನೊಡನೆ ಶ್ವಾಸಕೋಶಕ್ಕೆ ಹೋಗಿ ವ್ಯಾಲಿ ಫೀವರ್ ಎಂಬ ಕಾಯಿಲೆಯನ್ನು ತರುತ್ತದೆ. ಮೊದಲ ವರ್ಷ ನೆರೆಯ ರ‍್ಯಾಂಚಿನವರ ಕುದುರೆಗಳೊಡನೆ ವಾರಕ್ಕೊಂದು ದಿನ ಕೆಲಸ ಮಾಡುವ ಏರ್ಪಾಡು ಮಾಡಿಕೊಳ್ಳಿ. ಸ್ವಂತ ಕುದುರೆಗಳನ್ನು ಬಾವಿಯ ಇಳುವರಿ ಒಂದು ಬೇಸಿಗೆ ದಾಟಿದ ಮೇಲೆ ತರಬಹುದು.