ಎತ್ತರ ಬರೆದಿದ್ದೀರಿ, ನೆಲ ಬರೆದಿಲ್ಲ

ಪ್ರಶ್ನೆ: ವಿಜಯಪುರದ ಹತ್ತಿರ ನಮ್ಮದೊಂದು ಒಣದ್ರಾಕ್ಷಿ ಗೋಡೌನ್ ಇದೆ. ಒಳಗಿನ ಲೈಟ್‌ಗಳು 28 ಅಡಿ ಎತ್ತರದಲ್ಲಿವೆ, ಬದಲಿಸಬೇಕು. ಹೊರಗೆ ತಗಡಿನ ಅಂಚಿನ ಮಳೆನೀರಿನ ದೋಣಿ ಸೋರುತ್ತಿದೆ. ಒಬ್ಬರು ಸಿಸರ್ ಲಿಫ್ಟ್ (ಕತ್ತರಿಯಂತೆ ಬಿಚ್ಚಿಕೊಂಡು ಆಳು ನಿಂತ ಹಲಗೆ ಎತ್ತುವ ಮೆಷಿನ್) ತರಿಸಿ ಅನ್ನುತ್ತಾರೆ, ಇನ್ನೊಬ್ಬರು ಬೂಮ್ ಲಿಫ್ಟ್ (ಉದ್ದ ತೋಳಿನ ತುದಿಗೆ ಆಳು ನಿಲ್ಲುವ ಬುಟ್ಟಿ ಇರುವುದು) ಅನ್ನುತ್ತಾರೆ. ಹೈಡ್ರಾ ಕ್ರೇನಿಗೆ ಬುಟ್ಟಿ ಕಟ್ಟಿದರೆ ಮುಗೀತು ಅಂತ ನಮ್ಮ ಮಾವನವರು. ಯಾವುದು ಸರಿ?

ಉತ್ತರ: ಮಾವನವರಿಗೆ ಮೊದಲು ಹೇಳಿಬಿಡುತ್ತೇನೆ, ಬೇಡ. ಹೈಡ್ರಾ ಇರುವುದು ಕೊಕ್ಕೆಗೆ ಮಾಲು ನೇತುಹಾಕಿ ಒಯ್ಯಲಿಕ್ಕೆ. ಬುಟ್ಟಿಯಲ್ಲಿ ನಿಂತವರ ಕೈಯಲ್ಲಿ ಒಂದು ಬಟನ್ ಕೂಡ ಇರುವುದಿಲ್ಲ. ಡ್ರೈವರ್ ಬ್ರೇಕ್ ಒತ್ತಿದರೆ ಬುಟ್ಟಿ ತೂಗಾಡುತ್ತದೆ. ಜೆಸಿಬಿ ಬಕೆಟ್‌ನಲ್ಲಿ ಆಳು ನಿಲ್ಲಿಸಿ ಬ್ಯಾನರ್ ಕಟ್ಟಿಸುತ್ತಾರಲ್ಲ, ಅದೂ ಇದೇ ಕಥೆ. ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ಸಿಸರ್ರೋ ಬೂಮೋ? ಬೆಳಗಾವಿ ಉದ್ಯಮಬಾಗದ ಫೌಂಡ್ರಿಯಲ್ಲಿ ಮೇಂಟೆನೆನ್ಸ್ ನೋಡುತ್ತಿದ್ದಾಗ ನಾನು ಮೊದಲು ಕೇಳುತ್ತಿದ್ದದ್ದು ಎತ್ತರವನ್ನಲ್ಲ. ಲೈಟಿನ ಕೆಳಗೆ ಏನಿದೆ ಅಂತ. ಸಿಸರ್ ನೆಟ್ಟಗೆ ಮೇಲೇರುತ್ತದೆ, ಪಕ್ಕಕ್ಕೆ ಚಾಚುವುದಿಲ್ಲ. ಕೆಳಗೆ ಬಾಕ್ಸ್ ಒಟ್ಟಿಲ್ಲ, ಕಾಂಕ್ರೀಟ್ ಸಮತಟ್ಟಾಗಿದೆ ಅಂದರೆ ಬ್ಯಾಟರಿ ಸಿಸರ್ ಸಾಕು, ಬಾಡಿಗೆಯೂ ಕಡಿಮೆ. 19 ಅಡಿಯದ್ದು ತರಬೇಡಿ. ಆ ಅಂಕಿ ನಿಲ್ಲುವ ಹಲಗೆಯದ್ದು. ಕೈಗೆ ಸಿಗುವ ಎತ್ತರಕ್ಕೆ ಅದರ ಮೇಲೆ 6 ಅಡಿ ಕೂಡಿಸಿ. 25 ಆಯಿತು, ನಿಮಗೆ ಸಾಲದು. 26 ಅಡಿಯದ್ದು ಕೇಳಿ. ಬಾಗಿಲ ಅಗಲ ಅಳೆದುಕೊಂಡೇ ಫೋನ್ ಮಾಡಿ. ಕೆಳಗೆ ಬಾಕ್ಸ್ ಒಟ್ಟಿದ್ದರೆ ಮೊಣಕೈಯಂತೆ ಮಡಚುವ ಬೂಮ್ ಬೇಕು, ಅದು ಸಾಮಾನಿನ ಮೇಲಿಂದ ದಾಟಿ ಹೋಗುತ್ತದೆ.

ಹೊರಗಿನ ದೋಣಿಯದ್ದು ಬೇರೆ ಲೆಕ್ಕ. ನಿಮ್ಮ ಕಡೆ ಎರೆ ನೆಲ. ಸಣ್ಣ ಗಾಲಿಯ ಸಿಸರ್ ಎರಡು ಟನ್ ಆಸುಪಾಸು ತೂಗುತ್ತದೆ, ಒಂದು ಮಳೆ ಬಿದ್ದರೆ ಅಲ್ಲೇ ಹೂತುಬಿಡುತ್ತದೆ. ನೆಲ ವಾಲಿದ್ದರೆ ಅದರ ಸೆನ್ಸರ್ ಕೂಗಿ ಮೇಲೇರುವುದನ್ನು ತಡೆಯುತ್ತದೆ. ಆ ಸೆನ್ಸರನ್ನೇ ಬೈಪಾಸ್ ಮಾಡಿಕೊಡುವ ಜಾಣರಿದ್ದಾರೆ, ಅಂಥವರ ಮೆಷಿನ್ ವಾಪಸ್ ಕಳಿಸಿ. ದೊಡ್ಡ ಟೈರಿನ ಡೀಸೆಲ್ ಬೂಮ್ ತರಿಸಿ, ಅದೂ ನೆಲ ಒಣಗಿದ ಮೇಲೆ. ಶೆಡ್ಡಿನ ಪಕ್ಕ 11 ಕೆವಿ ಕರೆಂಟ್ ಲೈನ್ ಇದ್ದರೆ ಕನಿಷ್ಠ 3 ಮೀಟರ್ ದೂರವಿರಿ. ಅಷ್ಟು ಜಾಗ ಇಲ್ಲದಿದ್ದರೆ ಹೆಸ್ಕಾಂಗೆ ಹೇಳಿ ಲೈನ್ ಬಂದ್ ಮಾಡಿಸಿ.

ಬೂಮ್ ಬುಟ್ಟಿಯಲ್ಲಿ ಬೆಲ್ಟ್ ಯಾಕೆ, ಸುತ್ತ ಕಟಾಂಜನ ಇದೆಯಲ್ಲ ಅನ್ನುತ್ತಾರೆ. ಕೆಳಗೆ ಒಂದು ಗಾಲಿ ಗುಂಡಿಗೆ ಇಳಿದರೂ ತೋಳಿನ ತುದಿ ಜೋರಾಗಿ ಚಿಮ್ಮುತ್ತದೆ, ಒಳಗಿದ್ದವನನ್ನು ಹೊರಗೆ ಎಸೆಯುತ್ತದೆ. ಬೆಲ್ಟಿನ ಹುಕ್ಕನ್ನು ಬುಟ್ಟಿಯ ಒಳಗಿನ ಬಳೆಗೇ ಹಾಕಬೇಕು. ಶೆಡ್ಡಿನ ಕಬ್ಬಿಣಕ್ಕೆ ಹಾಕಿ ಬುಟ್ಟಿ ಇಳಿಸಿದರೆ ಮನುಷ್ಯ ಮೇಲೇ ನೇತಾಡುತ್ತಾನೆ.

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮ ಸಣ್ಣ ಕಾರ್ಖಾನೆ ಇದೆ. 2 ಟನ್ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವುದು) ಎಷ್ಟು ದಿನಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು?

ಉತ್ತರ: 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಂ ಪ್ರಕಾರ 12 ತಿಂಗಳಿಗೆ ಒಮ್ಮೆಯಾದರೂ, ಅರ್ಹ ವ್ಯಕ್ತಿಯಿಂದ ಮಾಡಿಸಬೇಕಿತ್ತು. ಕಟ್ಟಡದ ಹಾಯ್ಸ್ಟ್, ಲಿಫ್ಟ್‌ಗಳಿಗೆ 6 ತಿಂಗಳು ಇತ್ತು. ಆದರೆ ಕೊಕ್ಕೆಯ ಬಾಯಿಯನ್ನು ನೀವೇ ದಿನಾ ನೋಡಿ. ಅಗಲವಾಗಿದ್ದರೆ ಸುತ್ತಿಗೆಯಿಂದ ಬಡಿದು ಮುಚ್ಚಬೇಡಿ, ಹೊಸದು ಹಾಕಿಸಿ.