ಅಟ್, ಆನ್, ಆಫ್ ಎಂಬ ಭಯ: ಒಂದು ಆಪ್ತಸಲಹೆ ಪ್ರಕರಣ

ಅವರು ಮೂವತ್ತು ದಾಟಿದ ಮಹಿಳೆ. ಆಫೀಸಿನಲ್ಲಿ ಒಳ್ಳೆಯ ಹೆಸರಿದೆ, ಕೆಲಸದ ಬಗ್ಗೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಗುರುತು ಸಿಗಬಾರದೆಂದು ಇತರ ವಿವರಗಳನ್ನು ಬಿಟ್ಟಿದ್ದೇನೆ, ತೊಂದರೆಯನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

"ಇಂಗ್ಲಿಷ್ ಬರುತ್ತೆ. ಆದ್ರೆ ಈ ಅಟ್, ಆನ್, ಆಫ್, ಫಾರ್ ಬರೋ ಜಾಗದಲ್ಲಿ ನಾಲಿಗೆ ನಿಂತುಬಿಡುತ್ತೆ" ಎಂದರು. ಒಂದು ಮೀಟಿಂಗಿನಲ್ಲಿ ‘ಡಿಸ್ಕಸ್ ಅಬೌಟ್’ ಎಂದಿದ್ದಕ್ಕೆ ಸಹೋದ್ಯೋಗಿಯೊಬ್ಬರು ಎಲ್ಲರೆದುರೇ ತಿದ್ದಿದ್ದರು. ಆಮೇಲೆ ಮೀಟಿಂಗಿನಲ್ಲಿ ಬಾಯಿ ತೆರೆಯುವುದೇ ಕಡಿಮೆಯಾಯಿತು. ಮೇಲ್ ಬರೆಯುವಾಗ ‘ಇಂಟರೆಸ್ಟೆಡ್’ ಎಂಬ ಪದವನ್ನೇ ತಪ್ಪಿಸುತ್ತಿದ್ದರು. ಅದರ ಮುಂದೆ ‘ಇನ್’ ಬರಬೇಕೋ ‘ಆನ್’ ಬರಬೇಕೋ ಎಂಬ ಅನುಮಾನ.

ಅವರ ಹತ್ತಿರ ಒಂದು ಉದ್ದದ ಪಟ್ಟಿಯೂ ಇತ್ತು. ಯಾವ ಕ್ರಿಯಾಪದಕ್ಕೆ, ಯಾವ ಗುಣವಾಚಕಕ್ಕೆ ಯಾವ ಪ್ರಿಪೊಸಿಷನ್ (ಅಟ್, ಆನ್, ಆಫ್‌ನಂಥ ಪುಟ್ಟ ಪದ) ಅಂತ ಅಕ್ಷರಮಾಲೆಯ ಕ್ರಮದಲ್ಲಿ ಬರೆದದ್ದು. ಬಾಯಿಪಾಠ ಆಗಿತ್ತು. ಮಾತಾಡುವಾಗ ಮಾತ್ರ ಒಂದೂ ಕೈಗೆ ಸಿಗುತ್ತಿರಲಿಲ್ಲ. ಇದು ಅವರ ದಡ್ಡತನ ಅಲ್ಲವೇ ಅಲ್ಲ. ಮಾತಾಡುವಾಗ ಯಾರಿಗೂ ಪದಗಳು ಅಕ್ಷರಮಾಲೆಯ ಕ್ರಮದಲ್ಲಿ ಹೊಳೆಯುವುದಿಲ್ಲ.

ಪಟ್ಟಿ ಪಕ್ಕಕ್ಕಿಟ್ಟು, ಅವರು ಕಳಿಸಿದ ಹಳೆಯ ಮೇಲ್‌ಗಳನ್ನು ತರಲು ಹೇಳಿದೆ. ಇಬ್ಬರೂ ಕೂತು ಓದಿದೆವು. ‘ಎಲ್ಲ ಕಡೆ ತಪ್ಪಿರುತ್ತೆ’ ಎಂದು ಅವರು ನಂಬಿದ್ದರು, ಹಾಗಿರಲಿಲ್ಲ. ‘ವೇಟ್ ಫಾರ್’, ‘ಲಿಸನ್ ಟು’, ‘ಡಿಪೆಂಡ್ ಆನ್’ ಎಲ್ಲ ಸರಿಯಾಗೇ ಇದ್ದವು. ತಪ್ಪುಗಳಲ್ಲಿ ಜಾಸ್ತಿ ಒಂದೇ ಜಾತಿಯವು: ಏನೂ ಬೇಡದ ಕಡೆ ಒಂದು ಪ್ರಿಪೊಸಿಷನ್ ಸೇರಿಸಿದ್ದು. ‘ಡಿಸ್ಕಸ್ ಅಬೌಟ್ ದ ಪ್ಲಾನ್’, ‘ರಿಕ್ವೆಸ್ಟೆಡ್ ಫಾರ್ ಲೀವ್’, ‘ಆನ್ಸರ್ ಟು ದ ಕ್ವೆಶ್ಚನ್ಸ್’, ‘ಎಂಫಸೈಜ್ ಆನ್ ಕ್ವಾಲಿಟಿ’.

ಇಲ್ಲಿ ಸ್ವಲ್ಪ ಹೊತ್ತು ನಿಂತೆವು, ಯಾಕೆಂದರೆ ಇದರ ಹಿಂದೆ ಒಂದು ಕ್ರಮ ಇದೆ. ಈ ಪದಗಳು ನಾಮಪದವಾದಾಗ ಪ್ರಿಪೊಸಿಷನ್ ಕೇಳುತ್ತವೆ, ಕ್ರಿಯಾಪದವಾದಾಗ ಕೇಳುವುದಿಲ್ಲ. ‘ಎ ಡಿಸ್ಕಷನ್ ಅಬೌಟ್ ದ ಪ್ಲಾನ್’ ಸರಿ, ಆದರೆ ‘ವಿ ಡಿಸ್ಕಸ್ಡ್ ದ ಪ್ಲಾನ್’. ‘ಎ ರಿಕ್ವೆಸ್ಟ್ ಫಾರ್ ಲೀವ್’ ಸರಿ, ಆದರೆ ‘ಐ ರಿಕ್ವೆಸ್ಟೆಡ್ ಲೀವ್’. ‘ಆ್ಯನ್ ಆನ್ಸರ್ ಟು ದ ಕ್ವೆಶ್ಚನ್’, ಆದರೆ ‘ಆನ್ಸರ್ ದ ಕ್ವೆಶ್ಚನ್’. ‘ಎಂಫಸಿಸ್ ಆನ್ ಕ್ವಾಲಿಟಿ’, ಆದರೆ ‘ಎಂಫಸೈಜ್ ಕ್ವಾಲಿಟಿ’. ಅಂದರೆ ಅವರ ಕಿವಿಗೆ ಬಿದ್ದಿದ್ದ ಪ್ರಿಪೊಸಿಷನ್ ಸುಳ್ಳಲ್ಲ, ಕೂತ ಜಾಗ ಮಾತ್ರ ಬೇರೆ. ಇದನ್ನು ನೋಡಿದಾಗ ಅವರ ಮುಖದಲ್ಲಿ ಮೊದಲ ಸಲ ನಿರಾಳ ಕಂಡಿತು.

ಇನ್ನೊಂದು ಜಾತಿಯ ತಪ್ಪು ನೇರ ಕನ್ನಡದಿಂದ ಬಂದದ್ದು. ‘ಅವಳ ಮೇಲೆ ಕೋಪ’ ಎನ್ನುವುದು ‘ಆಂಗ್ರಿ ಆನ್ ಹರ್’ ಆಗಿತ್ತು, ಬೇಕಾದದ್ದು ‘ಆಂಗ್ರಿ ವಿತ್ ಹರ್’. ‘ಅವನ ಜೊತೆ ಮದುವೆ’ ಎನ್ನುವುದು ‘ಮ್ಯಾರೀಡ್ ವಿತ್’ ಆಗಿತ್ತು, ಇಂಗ್ಲಿಷಿನಲ್ಲಿ ‘ಮ್ಯಾರೀಡ್ ಟು’. ‘ಮನೆಗೆ ತಲುಪಿದೆ’ ಎನ್ನುವುದು ‘ರೀಚ್ಡ್ ಟು ಹೋಮ್’ ಆಗಿತ್ತು, ‘ರೀಚ್ಡ್ ಹೋಮ್’ ಸಾಕು. ‘ನನಗಿಂತ ಸೀನಿಯರ್’ ಎನ್ನುವುದು ‘ಸೀನಿಯರ್ ದ್ಯಾನ್ ಮಿ’ ಆಗಿತ್ತು, ಸರಿಯಾದದ್ದು ‘ಸೀನಿಯರ್ ಟು ಮಿ’. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಲ್ಯಾಟಿನ್‌ನಿಂದ ಬಂದ ಪದಗಳು. ಹೋಲಿಕೆ ಅವುಗಳೊಳಗೇ ಇದೆ, ಆದ್ದರಿಂದ ‘ದ್ಯಾನ್’ ಬೇಡ. ‘ಡಿಪೆಂಡ್ ಆನ್’ ಸರಿಯಾಗಿ ಬಂದದ್ದೂ ಕನ್ನಡದ ದಯೆಯಿಂದಲೇ. ಅಲ್ಲಿ ನಮ್ಮ ‘ಮೇಲೆ’ ಹೊಂದಿಕೊಳ್ಳುತ್ತದೆ.

"ಆದ್ರೆ ಕೋಪಕ್ಕೆ ‘ವಿತ್’ ಯಾಕೆ? ಲಾಜಿಕ್ಕೇ ಇಲ್ವಲ್ಲ" ಎಂದು ಕೇಳಿದರು. ನಾನು ಕನ್ನಡದಲ್ಲೇ ಒಂದು ಪ್ರಶ್ನೆ ಕೇಳಿದೆ. ಒಬ್ಬನೇ ಮನುಷ್ಯ ಇದ್ದಾನೆ ಅಂದುಕೊಳ್ಳಿ. ಅವನನ್ನು ನಂಬುತ್ತೀರಿ, ಅವನಿಗೆ ಹೆದರುತ್ತೀರಿ, ಅವನ ಮೇಲೆ ಕೋಪ ಮಾಡಿಕೊಳ್ಳುತ್ತೀರಿ, ಅವನ ಜೊತೆ ಜಗಳವಾಡುತ್ತೀರಿ. ಅವನು ಅವನೇ, ಪ್ರತ್ಯಯ ಮಾತ್ರ ಬದಲಾಗುತ್ತೆ. ಯಾಕೆ? ಬಸ್ಸಿಗೆ ಕಾಯುತ್ತೀರಿ, ಮನೆಯನ್ನು ಕಾಯುತ್ತೀರಿ. ಒಂದೇ ಕ್ರಿಯಾಪದ, ಎರಡು ಅರ್ಥ, ಕೆಲಸ ಮಾಡಿದ್ದು ವಿಭಕ್ತಿ. ನಮಗೆ ಇದನ್ನು ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ, ಅಲ್ವಾ? ‘ಹೆದರು’ ಎಂಬ ಪದವನ್ನು ‘ಗೆ’ ಜೊತೆಗೇ ಕೇಳಿ ಕಲಿತೆವು. ಇಂಗ್ಲಿಷಿನ ‘ಅಫ್ರೇಡ್’ ಅನ್ನು ‘ಆಫ್’ ಜೊತೆಗೇ ಕಲಿಯಬೇಕು. ‘ಅಫ್ರೇಡ್’ ಒಂದು ಪದ, ಅದರ ಮುಂದೆ ಏನು ಹಾಕಲಿ ಎಂದು ಹುಡುಕಲು ಹೊರಟರೆ ಸುಮ್ನೆ ಸುಸ್ತು.

ಗುಂಪಾಗಿ ಬರುವವು ಕೆಲವಿವೆ, ಅವನ್ನು ಹಾಗೇ ಕೊಟ್ಟೆ. ಭಯದ ಪದಗಳಿಗೆ ‘ಆಫ್’: ಅಫ್ರೇಡ್, ಸ್ಕೇರ್ಡ್, ಟೆರಿಫೈಡ್. ಕೌಶಲದ ಪದಗಳಿಗೆ ‘ಅಟ್’: ಗುಡ್, ಬ್ಯಾಡ್, ಬ್ರಿಲಿಯಂಟ್. ಪ್ರಿಪೊಸಿಷನ್ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’: ‘ಗುಡ್ ಅಟ್ ರೈಟಿಂಗ್’, ‘ಇಂಟರೆಸ್ಟೆಡ್ ಇನ್ ಲರ್ನಿಂಗ್’. ‘ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು’ ಎನ್ನುವುದೂ ಇದೇ ನಿಯಮ. ಅಲ್ಲಿನ ‘ಟು’ ಪ್ರಿಪೊಸಿಷನ್, ಹಾಗಾಗಿ ‘ಟು ಮೀಟ್’ ಅಲ್ಲ.

ಯಾವ ತಪ್ಪಿಗೆ ತಲೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ ಎನ್ನುವುದನ್ನೂ ಬೇರೆ ಮಾಡಿದೆವು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ‘ಡಿಸ್ಕಸ್ ಅಬೌಟ್’ ಎಂದರೆ ಅರ್ಥ ಕೆಡುವುದಿಲ್ಲ, ಕೇಳಿದವರಿಗೆ ವಿಷಯ ತಲುಪಿರುತ್ತದೆ. ಆದರೆ ‘ಲುಕ್ ಫಾರ್ ದ ಚೈಲ್ಡ್’ ಅಂದರೆ ಮಗುವನ್ನು ಹುಡುಕು, ‘ಲುಕ್ ಆಫ್ಟರ್ ದ ಚೈಲ್ಡ್’ ಅಂದರೆ ನೋಡಿಕೊ. ‘ಶೌಟೆಡ್ ಟು ಮಿ’ ಅಂದರೆ ನನಗೆ ಕೇಳಿಸಲಿ ಎಂದು ಕೂಗಿದರು, ‘ಶೌಟೆಡ್ ಅಟ್ ಮಿ’ ಅಂದರೆ ನನ್ನ ಮೇಲೆ ರೇಗಿದರು. ಚೆಂಡನ್ನು ‘ಟು’ ಎಸೆದರೆ ಹಿಡಿಯಲಿ ಎಂದು, ‘ಅಟ್’ ಎಸೆದರೆ ತಗುಲಲಿ ಎಂದು. ಇಂಥವನ್ನು ಮೊದಲು ಕಲಿಯಿರಿ, ಉಳಿದವು ನಿಧಾನಕ್ಕೆ ಬರಲಿ ಎಂದೆ.

ಮನೆಗೆ ಕೊಟ್ಟ ಕೆಲಸ ಚಿಕ್ಕದು. ಹಳೆಯ ಪಟ್ಟಿಯನ್ನು ಮುಟ್ಟಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು, ನೀವೇ ಮಾಡಿದ ತಪ್ಪುಗಳನ್ನು ಮಾತ್ರ ಬರೆಯಿರಿ, ಅದೂ ಸರಿಪಡಿಸಿದ ಪೂರ್ತಿ ವಾಕ್ಯವಾಗಿ, ನಿಮ್ಮ ಕೆಲಸದ ಮಾತಿನಲ್ಲೇ. ಬಿಡಿ ಪದ ಬೇಡ. ಬರೆದದ್ದನ್ನು ಜೋರಾಗಿ ಓದಿ. ಅನುಮಾನ ಬಂದರೆ ಇಂಗ್ಲಿಷ್-ಕನ್ನಡ ನಿಘಂಟಿಗಿಂತ ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ಡಿಕ್ಷನರಿ ನೋಡಿ. ಅಂಥವುಗಳಲ್ಲಿ ಪದದ ಜೊತೆ ಬರುವ ಪ್ರಿಪೊಸಿಷನ್ ಅನ್ನು ಉದಾಹರಣೆ ಸಮೇತ ಕೊಟ್ಟಿರುತ್ತಾರೆ. ಮಾತಿನ ಮಧ್ಯೆ ತಪ್ಪಿದರೆ ಹಿಂದೆ ಹೋಗಬೇಡಿ, ವಾಕ್ಯ ಮುಗಿಸಿ. ಯಾರಾದರೂ ಮತ್ತೆ ಎಲ್ಲರೆದುರು ತಿದ್ದಿದರೆ, ‘ಥ್ಯಾಂಕ್ಯೂ’ ಎಂದು ಹೇಳಿ, ನಿಮ್ಮ ವಿಷಯವನ್ನು ಅಲ್ಲಿಂದಲೇ ಮುಂದುವರಿಸಿ. ವಿಷಯ ನಿಮ್ಮದು, ಅದನ್ನು ಬಿಟ್ಟುಕೊಡಬೇಡಿ.

‘ಡಿಫರೆಂಟ್ ಫ್ರಮ್’ ಸರಿಯೋ ‘ಡಿಫರೆಂಟ್ ಟು’ ಸರಿಯೋ ಎಂದೂ ಕೇಳಿದ್ದರು. ‘ಫ್ರಮ್’ ಎಲ್ಲ ಕಡೆ ನಡೆಯುತ್ತೆ, ‘ಟು’ ಬ್ರಿಟಿಷರ ಮಾತಿನಲ್ಲಿದೆ, ‘ದ್ಯಾನ್’ ಅಮೆರಿಕನ್ನರಲ್ಲಿ ಜಾಸ್ತಿ. ‘ಫ್ರಮ್’ ಒಂದನ್ನೇ ಹಿಡಿದುಕೊಳ್ಳಿ ಎಂದೆ.

ಈಗ ಮೀಟಿಂಗಿನಲ್ಲಿ ಮಾತಾಡುತ್ತಿದ್ದಾರೆ. ‘ಅಗ್ರೀ’ ಮಾತ್ರ ಇನ್ನೂ ಕಾಡುತ್ತಿದೆಯಂತೆ. ಒಬ್ಬರ ಅಭಿಪ್ರಾಯ ಒಪ್ಪಿದರೆ ‘ವಿತ್’, ಪ್ರಸ್ತಾಪಕ್ಕೆ ಒಪ್ಪಿದರೆ ‘ಟು’, ಸೇರಿ ಒಂದು ದಿನಾಂಕ ಗೊತ್ತು ಮಾಡಿಕೊಂಡರೆ ‘ಆನ್’. ಅವರದೇ ಮೇಲ್‌ಗಳಿಂದ ಮೂರಕ್ಕೂ ಒಂದೊಂದು ವಾಕ್ಯ ಹುಡುಕಿ ತರಲು ಹೇಳಿದ್ದೇನೆ.