ಕಲ್ಲಿಗೆ ಬೆಳಕೆಷ್ಟು, ನೆರಳೆಷ್ಟು?

ಪ್ರಶ್ನೆ: ನಾನು ಶಿಲ್ಪಿ. ಮುಂದಿನ ತಿಂಗಳು ನಮ್ಮೂರಿನ ಕಲಾ ಗ್ಯಾಲರಿಯೊಂದರಲ್ಲಿ ನನ್ನ ಬಳಪದ ಕಲ್ಲಿನ ಶಿಲ್ಪಗಳು, ಕಂಚಿನ ಎರಡು ತಲೆಗಳು, ಬಣ್ಣ ಹಚ್ಚಿದ ಮರದ ವಿಗ್ರಹವೊಂದು ಪ್ರದರ್ಶನಕ್ಕಿವೆ. ಟ್ಯೂಬ್‌ಲೈಟ್‌ಗಳ ಬೆಳಕು ಧಾರಾಳವಾಗಿದ್ದರೂ ಕೆತ್ತನೆ ಮಂಕಾಗಿ ಕಾಣುತ್ತಿದೆ. ಇನ್ನಷ್ಟು ದೀಪ ಬೇಕೇ?
– ಓದುಗ, ಹಾಸನ

ಉತ್ತರ: ಬೇಡ. ಇರುವ ದೀಪಗಳನ್ನೇ ಮೊದಲು ನಂದಿಸಿ. ಸಾಲು ಟ್ಯೂಬ್‌ಲೈಟ್‌ಗಳ ಬೆಳಕು ಎಲ್ಲ ಕಡೆಯಿಂದಲೂ ಬೀಳುವುದರಿಂದ ಉಳಿ ತೋಡಿದ ಕುಳಿಯಲ್ಲಿಯೂ ನೆರಳು ನಿಲ್ಲುವುದಿಲ್ಲ. ನೆರಳಿಲ್ಲದೆ ಆಳ ಕಾಣದು.

ಹಳೇಬೀಡು ನಿಮಗೆ ಹತ್ತಿರವೇ ಇದೆ. ಹೊಯ್ಸಳೇಶ್ವರ ದೇವಾಲಯದ ಪಶ್ಚಿಮದ ಹೊರಗೋಡೆಯ ಮುಂದೆ, ಒಳ್ಳೆಯ ಬಿಸಿಲಿರುವ ದಿನ, ಮಧ್ಯಾಹ್ನದಿಂದ ಸಂಜೆಯವರೆಗೆ ಕುಳಿತು ನೋಡಿ. ಅದೂ ಬಳಪದ ಕಲ್ಲೇ. ಬಿಸಿಲು ಮೇಲಿನಿಂದ ಓರೆಯಾಗಿ ಜಾರುವ ಹೊತ್ತಿಗೆ ಕಂಠಹಾರದ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಎದ್ದು ಕಾಣುತ್ತದೆ. ಸೂರ್ಯ ಇಳಿದು ನೇರ ಎದುರಿಗೆ ಬಂದಾಗ ಬೆಳಕು ಎಷ್ಟೇ ಹೊನ್ನಾಗಿದ್ದರೂ ಅದೇ ಮಣಿಗಳು ಚಪ್ಪಟೆಯಾಗುತ್ತವೆ. ಗೋಡೆಗೆ ನಕ್ಷತ್ರದ ಮೂಲೆಗಳಿರುವುದರಿಂದ ಪಕ್ಕದ ಮುಖದ ಮೇಲೆ ಆಗಲೂ ಓರೆ ಬೆಳಕೇ ಇರುತ್ತದೆ. ಬೆಳಕಿನ ಕೋನ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ.

ಹಾಲ್‌ನಲ್ಲಿ ಒಂದು ಶಿಲ್ಪಕ್ಕೆ ಒಂದೇ ಮುಖ್ಯ ಸ್ಪಾಟ್‌ಲೈಟ್ ಇರಲಿ: ಮೇಲಿನಿಂದ, ಒಂದು ಪಕ್ಕಕ್ಕೆ, ತೂಗುಗುಂಡಿನ ಗೆರೆಯಿಂದ ಸುಮಾರು 30 ಡಿಗ್ರಿ ಓರೆಯಾಗಿ. ನೆತ್ತಿಯ ಮೇಲೆಯೇ ತಂದರೆ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ. ತೀರಾ ಕೆಳಗಿಳಿಸಿದರೆ ನೋಡುವವರ ಕಣ್ಣು ಕುಕ್ಕುತ್ತದೆ. ಚಾವಣಿಯ ದೀಪದ ಟ್ರ್ಯಾಕಿಗೆ ಬಿಗಿಯುವ ಮುನ್ನ ಒಬ್ಬರು ಏಣಿ ಹತ್ತಿ ದೀಪವನ್ನು ಕೈಯಲ್ಲಿ ಹಿಡಿದು ಸರಿಸಲಿ, ನೀವು ಕೆಳಗೆ ನಿಂತು ‘ಅಲ್ಲೇ’ ಎನ್ನಿ. ಕೆತ್ತಿದವರು ನೀವು, ನೆರಳು ಎಲ್ಲಿ ಬೀಳಬೇಕೆಂಬ ತೀರ್ಮಾನವನ್ನು ದಯವಿಟ್ಟು ಎಲೆಕ್ಟ್ರಿಷಿಯನ್‌ಗೆ ಬಿಡಬೇಡಿ. ನೆರಳು ಗಾಢವಾಯಿತು ಎನಿಸಿದರೆ ಎದುರು ಪಕ್ಕದಿಂದ, ಮುಖ್ಯ ದೀಪದ ಮೂರನೆಯ ಒಂದು ಪಾಲಿನಷ್ಟು ಮೆತ್ತನೆಯ ಬೆಳಕು ಕೊಡಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಮತ್ತೆ ಟ್ಯೂಬ್‌ಲೈಟಿನ ಕಥೆಯೇ.

ಕಂಚಿನ ಸ್ವಭಾವ ಬೇರೆ. ನಯ ಮಾಡಿದ ಕಂಚು ದೀಪವನ್ನೇ ಪ್ರತಿಫಲಿಸುತ್ತದೆ. ಕಿರಿದಾದ ಕಿರಣ ಬಿಟ್ಟರೆ ಹಣೆಯ ಮೇಲೆ ಬಿಳಿ ಚುಕ್ಕೆಯೊಂದು ಉರಿಯುತ್ತದೆ, ಮುಖ ಮರೆಯಾಗುತ್ತದೆ. ದೀಪದ ಮುಂದೆ ಡಿಫ್ಯೂಸರ್, ಅಂದರೆ ಬೆಳಕನ್ನು ಹರಡಿ ಮೆತ್ತಗಾಗಿಸುವ ತೆರೆ, ಹಾಕಿಸಿ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬೆಳಕು ತಣ್ಣನೆಯ ಬಿಳಿ. ಕಂಚಿಗೆ 3000 ಕೆಲ್ವಿನ್‌ನ ಬೆಚ್ಚನೆಯ ಬೆಳಕು ಒಪ್ಪುತ್ತದೆ. ಬೂದು ಛಾಯೆಯ ಕಲ್ಲಿಗೆ ನಾನಾದರೆ 4000 ಆರಿಸುತ್ತೇನೆ. ಎಲ್‌ಇಡಿ ಕೊಳ್ಳುವಾಗ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚಿದೆಯೇ ಎಂದು ಕೇಳಿ.

ಮರದ ವಿಗ್ರಹದ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಕಲ್ಲು, ಕಂಚು ಬೆಳಕಿಗೆ ಜಗ್ಗುವುದಿಲ್ಲ, ಆದರೆ ಬಣ್ಣ ಮಾಸುತ್ತದೆ. ಅದರ ಮೇಲಿನ ಬೆಳಕು 200 ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ) ದಾಟದಿರಲಿ, ಕಿಟಕಿಯ ಬಿಸಿಲು ತಾಗದ ಗೋಡೆಯ ಪಕ್ಕದಲ್ಲಿ ಪೀಠ ಹಾಕಿಸಿ.